ಖಾಲಿ ಅಂತ ಬರೆದಿದ್ದ ಗ್ಯಾಲಕ್ಸಿ

ಕಡ್ಲೆಪುರಿ ನೆನೆದ ವಾಸನೆ, ಯಾರೋ ಮೀನುಗಳಿಗೆಂದು ಎಸೆದು ಹೋಗಿದ್ದಾರೆ, ಯಡಿಯೂರು ಕೆರೆಯ ಅಂಚಿನಲ್ಲಿ ಬೆಳ್ಳಗೆ ಉಬ್ಬಿ ತೇಲುತ್ತಿದೆ, ಒಂದು ಕಾಳು ಮುಳುಗಿತು, ಇನ್ನೊಂದು — ಫೋನ್ ನೋಡಬಾರದು, ಲತಾಮಣಿ ತನಗೆ ತಾನೇ ಹೇಳಿಕೊಂಡಳು, ಈಗಷ್ಟೇ ನೋಡಿದ್ದಾಯಿತು, ಬೆಳಿಗ್ಗೆ ಎಂಟೂ ಹತ್ತು, ಪುಣೆಯಿಂದ ಸಹೋದ್ಯೋಗಿ ನಚಿಕೇತ ಫೋನ್ ಮಾಡುವುದು ಒಂಬತ್ತಕ್ಕೆ, ಮಾತು ತಪ್ಪುವ ಪೈಕಿಯಲ್ಲ, ಹಾಗಾಗಿ ಇನ್ನೂ ಐವತ್ತು ನಿಮಿಷ ಅವಳಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗದಿರುವುದೂ ಒಂದು ಸುಖವೇ. ಮುಂದೆ ಅಪ್ಪ ನಡೆಯುತ್ತಿದ್ದಾನೆ, ಎಡಗೈ ಸೊಂಟದ ಮೇಲೆ, ಮೂವತ್ತು ವರ್ಷ ಶ್ರೀನಗರ, ಹನುಮಂತನಗರದ ಮನೆಮನೆಯ ಮೆಟ್ಟಿಲುಗಳನ್ನು ಗ್ಯಾಸ್ ಸಿಲಿಂಡರ್ ಹೊತ್ತು ಹತ್ತಿದ ಸೊಂಟ, ಎದುರು ಸಿಕ್ಕ ವಾಕಿಂಗ್ ಅಂಕಲ್‌ಗಳಿಗೆಲ್ಲ ಅಪ್ಪ ದೇವದಾಸನ ಒಂದೇ ಮಾತು, ನಮ್ಮ ಮಗಳು ಸಾರ್, ಅವಳೂ ಗ್ಯಾಸ್ ಲೈನಲ್ಲೇ ಇರೋದು, ಆದ್ರೆ ಅವಳ್ದು ಆಕಾಶದ ಗ್ಯಾಸು, ಅವರು ನಗುತ್ತಾರೆ, ಅಪ್ಪ ಅವರಿಗಿಂತ ಜೋರಾಗಿ ನಗುತ್ತಾನೆ, ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು, ಈಗ ಇಲ್ಲ, ಅವಳ ಕೆಲಸವನ್ನು ಇಷ್ಟು ಸರಿಯಾಗಿ ಇನ್ಯಾರೂ ಹೇಳಿಲ್ಲ.

ಆಕಾಶದ ಗ್ಯಾಸು, ಜಲಜನಕ, ನಕ್ಷತ್ರವಾಗುವ ಮುಂಚಿನ ಹಿಟ್ಟು, ಅದು ತಣ್ಣಗೆ ಸುಮ್ಮನೆ ಬಿದ್ದಿರುವಾಗಲೂ ರೇಡಿಯೊ ಅಲೆಯೊಂದನ್ನು ಹೊರಡಿಸುತ್ತದೆ, ಒಂದು ಗೇಣುದ್ದದ ಅಲೆ, ಅಮ್ಮ ಪಾರ್ವತಮ್ಮನಿಗೆ ಕೈಬೆರಳು ಅಗಲಿಸಿ ತೋರಿಸಿದ್ದಳು, ಇಷ್ಟೇ ಅಮ್ಮ, ಇಷ್ಟುದ್ದ, ಅಮ್ಮ ತನ್ನ ಗೇಣನ್ನು ಪಕ್ಕದಲ್ಲಿಟ್ಟು ನೋಡಿ ಅಂದಿದ್ದು, ನಂದೇ ಉದ್ದ ಐತಲ್ಲೇ. ಹತ್ತಿರದ ನೂರಾ ನಲವತ್ತು ಗ್ಯಾಲಕ್ಸಿಗಳಲ್ಲಿ ಒಂದೊಂದರಲ್ಲೂ ಆ ಗ್ಯಾಸ್ ಎಷ್ಟು ಉಳಿದಿದೆ ಎಂದು ಅಳೆಯುವುದು, ಅಷ್ಟೇ ಅವಳ ಕೆಲಸ, ಹತ್ತಿರ ಅಂದರೆ ಮೂರು ಕೋಟಿ ಜ್ಯೋತಿರ್ವರ್ಷ, ಪುಣೆಯಾಚೆಯ ಹೊಲಗಳ ನಡುವೆ ಬಾಯಿ ತೆರೆದು ನಿಂತ ದೊಡ್ಡ ದೊಡ್ಡ ಡಿಶ್‌ಗಳು ಕೇಳಿಸಿಕೊಳ್ಳುತ್ತವೆ, ಅವಳು ಬೆಂಗಳೂರಲ್ಲಿ ಕೂತು ಗದ್ದಲದಿಂದ ಆ ಪಿಸುಮಾತನ್ನು ಆರಿಸುತ್ತಾಳೆ. ಪಟ್ಟಿಯಲ್ಲಿ ಎಪ್ಪತ್ತೆಂಟನೆಯದು ಒಂದು ಪುಟ್ಟ ಮಸುಕು ಗ್ಯಾಲಕ್ಸಿ, ಹಿಂದೆ ನೋಡಿದವರೆಲ್ಲ ಗ್ಯಾಸ್ ಇಲ್ಲ ಅಂತ ಬರೆದಿದ್ದಾರೆ, ಸತ್ತದ್ದು, ಇನ್ನು ಹೊಸ ನಕ್ಷತ್ರ ಹುಟ್ಟುವುದಿಲ್ಲ, ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದ್ದಕ್ಕೆ ತುತ್ತು ಹಿಡಿದ ಕೈ ನಿಂತಿತು, ಖಾಲಿ ಅಂತ ಯಾರು ಹೇಳಿದ್ದು, ಎತ್ತಿ ನೋಡಿದ್ರಾ ಅವ್ರು? ನಿಂತ್ಕೊಂಡು ನೋಡ್ಬಿಟ್ಟು ಸಿಲಿಂಡರ್ ಖಾಲಿ ಅನ್ನೋರ್ನ ಎಷ್ಟು ಜನರ್ನ ನೋಡಿಲ್ಲ ನಾನು. ಎತ್ತಿ ನೋಡಿದಳು, ನಾಲ್ಕು ತಿಂಗಳು, ಇಪ್ಪತ್ತು ಗಂಟೆಗಳ ದತ್ತಾಂಶವನ್ನು ತೊಳೆದು ತೊಳೆದು, ಕೊನೆಗೆ ಪರದೆಯ ರೇಖೆಯಲ್ಲಿ ಒಂದು ಸಣ್ಣ ಉಬ್ಬು, ಸೆಕೆಂಡಿಗೆ ಆರುನೂರ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ದೂರ ಸರಿಯುವ ಗ್ಯಾಸ್ ಕಾಣಬೇಕಾದ ಜಾಗದಲ್ಲಿ — ಕಂಡ ಕೂಡಲೇ ಸಂತೋಷವಾಗಲಿಲ್ಲ, ಮೊದಲಿಂದ ಮತ್ತೆ ತೊಳೆಯಲು ಕೂತಳು.

ಯಾಕೆಂದರೆ ಎರಡು ವರ್ಷದ ಹಿಂದೆ ಹೀಗೇ ಒಂದು ಉಬ್ಬು, ಬೇರೆ ಗ್ಯಾಲಕ್ಸಿ, ಆಗ ಕುಣಿದಾಡಿದ್ದಳು, ಲೇಖನ ಅಚ್ಚಾಯಿತು, ಎಲ್ಲರೂ ಬೆನ್ನು ತಟ್ಟಿದರು, ಮೂರು ತಿಂಗಳ ಮೇಲೆ ಆಕಾಶದ ಇನ್ಯಾವುದೋ ಮೂಲೆಗೆ ಡಿಶ್ ತಿರುಗಿಸಿದಾಗಲೂ ರೇಖೆಯ ಅದೇ ಜಾಗದಲ್ಲಿ ಅದೇ ಉಬ್ಬು, ಗ್ಯಾಲಕ್ಸಿಯಲ್ಲ, ಯಾವುದೋ ಉಪಗ್ರಹದ ಗಲಾಟೆ, ಲೇಖನ ವಾಪಸ್ ಪಡೆಯುತ್ತೇನೆ ಎಂದು ಬರೆದ ಪತ್ರ, ಸಭೆಗಳಲ್ಲಿ ತನ್ನ ಹೆಸರು ಬಂದಾಗ ಜನ ಮುಖ ತಪ್ಪಿಸಿ ನೀರಿನ ಬಾಟಲಿ ನೋಡುವ ರೀತಿ. ಗೈಡ್ ಚಿದಾನಂದ್ ಸರ್ ಬೈಯಲಿಲ್ಲ, ಈ ಸಲ ಅವಸರ ಬೇಡಮ್ಮ ಅಂದರು ಅಷ್ಟೇ, ಬೈದಿದ್ದರೆ ವಾಸಿಯಿತ್ತು. ಅದಕ್ಕೇ ಈ ಸಲ ಎಪ್ಪತ್ತೆಂಟನೆಯದನ್ನು ಹೊಸದಾಗಿ ಹನ್ನೆರಡು ಗಂಟೆ ನೋಡಿಸಿ, ನಿಜಕ್ಕೂ ಖಾಲಿಯಾದ ಇನ್ನೆರಡು ಗ್ಯಾಲಕ್ಸಿಗಳ ಜೊತೆ ಬೆರೆಸಿ, ಮೂರರ ದತ್ತಾಂಶವನ್ನೂ ಹೆಸರಿಲ್ಲದೆ ನಚಿಕೇತನಿಗೆ ಕೊಟ್ಟಿದ್ದಾಳೆ, ಯಾವುದರಲ್ಲಿ ಏನಿದೆ, ಎಲ್ಲಿದೆ, ಹೇಳಿಲ್ಲ, ನೀನೇ ಹುಡುಕು, ಸಿಗದಿದ್ದರೆ ಸಿಗಲಿಲ್ಲ ಅನ್ನು.

ಸಿಗದಿದ್ದರೆ ಜೆ.ಪಿ. ನಗರದ ಕಾಲೇಜು ಇದೆ, ಪ್ರಿನ್ಸಿಪಾಲ್ ಸೌಮ್ಯ ಮೇಡಂ ಹತ್ತು ಗಂಟೆಯೊಳಗೆ ಉತ್ತರ ಕೇಳಿದ್ದಾರೆ, ಕಾಯಂ ಕೆಲಸ, ಒಳ್ಳೆಯ ಕೆಲಸ, ಪಾಠ ಮಾಡುವುದು ಅವಳಿಗೆ ಇಷ್ಟವೂ ಹೌದು, ಆದರೆ — ಅಪ್ಪ ಕಲ್ಲುಬೆಂಚಿನ ಮೇಲೆ ಕೂತು ಪಕ್ಕದ ಜಾಗ ತಟ್ಟಿದ, ಬಾ, ಏನದು ಮುಖ, ಕಾಲೇಜಿನ್ದಾ? ಹೂಂ. ಹೋಗೋದಾದ್ರೆ ಹೋಗಮ್ಮ, ಹೆದರ್ಕೊಂಡು ಹೋಗ್ಬೇಡ. ಮತ್ತೆ ತಪ್ಪಾದ್ರೆ ಅಪ್ಪಾ? ಆಗ್ಲಿ, ಹೋದ್ಸಲ ತಪ್ಪು ಅಂತ ಕಂಡುಹಿಡಿದೋರು ಯಾರು? ಇನ್ಯಾರೂ ಅಲ್ಲ, ಅವಳೇ, ಒಂದು ಮಂಗಳವಾರ ಮಧ್ಯಾಹ್ನ, ಬೇರೆ ಯಾರಿಗೂ ಅನುಮಾನವೇ ಇರಲಿಲ್ಲ, ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು, ಸುಮ್ಮನಿರಲಾಗಲಿಲ್ಲ, ಎರಡು ವರ್ಷದಿಂದ ಅವಳು ಆ ಪತ್ರವನ್ನು ಸೋಲು ಎಂದೇ ಹೊತ್ತು ತಿರುಗಿದ್ದಾಳೆ, ಆದರೆ ಆ ಪತ್ರ ಬರೆದ ಕೈಯನ್ನೇ ಅಲ್ಲವೇ ನಂಬಬೇಕಾದ್ದು, ನಚಿಕೇತ ಇಲ್ಲ ಎಂದರೂ ಎಪ್ಪತ್ತೊಂಬತ್ತನೆಯ ಗ್ಯಾಲಕ್ಸಿ ಹಾಗೇ ಕಾಯುತ್ತಿರುತ್ತದೆ, ಎಂಬತ್ತು, ಎಂಬತ್ತೊಂದು. ಫೋನ್ ತೆಗೆದಳು, ಕಾಲೇಜಿನ ನಂಬರ್ ಒತ್ತಿದಳು, ಮೇಡಂ, ನಾನು ಲತಾಮಣಿ, ಕ್ಷಮಿಸಿ, ನಾನು ಬರೋಕಾಗಲ್ಲ, ಇಲ್ಲ ಮೇಡಂ, ಬೇರೆ ಕಡೆ ಏನೂ ಸಿಕ್ಕಿಲ್ಲ, ಇಲ್ಲಿ ಕೆಲಸ ಇನ್ನೂ ಮುಗಿದಿಲ್ಲ ಅಷ್ಟೇ. ಅಪ್ಪ ಕೆರೆಯನ್ನೇ ನೋಡುತ್ತಿದ್ದ, ಕೇಳಿಸದವನ ಹಾಗೆ, ಮೀಸೆ ಮಾತ್ರ ಅಲುಗಿತು.

ಒಂಬತ್ತಕ್ಕೆ ಎರಡು ನಿಮಿಷ ಇರುವಾಗಲೇ ನಚಿಕೇತನ ಫೋನ್, ಲತಾ, ಮೂರರಲ್ಲಿ ಎರಡು ಖಾಲಿ ಕಣೇ, ಮಧ್ಯದ್ದರಲ್ಲಿ ಇದೆ, ಆರುನೂರ ಹನ್ನೆರಡು, ಸರೀನಾ ತಪ್ಪಾ? — ಸರಿ, ಅಂದಳು — ಇರು, ಅಷ್ಟೇ ಅಲ್ಲ, ಮ್ಯಾಪ್ ಕಳಿಸಿದೀನಿ, ನೋಡು ಮೊದ್ಲು. ತೆರೆದಳು. ಬಿಸಿಲಿಗೆ ಪರದೆ ಕಾಣಲಿಲ್ಲ, ಅಪ್ಪ ಎರಡೂ ಕೈ ಚಾಚಿ ನೆರಳು ಮಾಡಿದ, ಆ ನೆರಳಲ್ಲಿ ಗ್ಯಾಸಿನ ಬಣ್ಣಬಣ್ಣದ ಮೋಡ, ಅವಳು ನೆನೆಸಿದ್ದಕ್ಕಿಂತ ಮೂರು ಪಟ್ಟು ಅಗಲ, ಎಡಕ್ಕೆ ನೀಲಿ, ಬಲಕ್ಕೆ ಕೆಂಪು, ನೀಲಿ ಮಗ್ಗುಲು ಈ ಕಡೆಗೆ ಬರುತ್ತಿದೆ, ಕೆಂಪು ಮಗ್ಗುಲು ಆ ಕಡೆಗೆ ಹೋಗುತ್ತಿದೆ, ಉಪಗ್ರಹದ ಗಲಾಟೆಗೆ ಎಡ ಬಲ ಇರುವುದಿಲ್ಲ, ಇದಕ್ಕಿದೆ, ಅಂದರೆ — ಏನಮ್ಮ, ಏನದು, ಅಪ್ಪ ಕೇಳುತ್ತಿದ್ದಾನೆ — ನೀಲಿ ಈ ಕಡೆಗೆ, ಕೆಂಪು ಆ ಕಡೆಗೆ, ತಿರುಗ್ತಾ ಇದೆ ಅಪ್ಪಾ, ನೀಲಿ ಈ ಕಡೆಗೆ, ಕೆಂಪು ಆ ಕಡೆಗೆ, ಮೆಲ್ಲಗೆ, ತಿರುಗುತ್ತಿದೆ.