ಜಾಂಬೋಟಿ ತಿರುವಿನಲ್ಲಿ ಅಕ್ಕಾತಾಯಿ

ಸಿನಿಮಾದಲ್ಲಿ ಹಾಡು ಶುರುವಾದರೆ ಅಕ್ಕಾತಾಯಿಗೆ ಆಕಳಿಕೆ ಬರುತ್ತಿತ್ತು. ಕಾರು ಬಂದರೆ ಮಾತ್ರ ಕುರ್ಚಿಯ ತುದಿಗೆ ಸರಿದು ಕೂರುತ್ತಿದ್ದಳು. ಕಳ್ಳರ ಕಾರು ಮುಂದೆ, ಪೊಲೀಸ್ ಜೀಪು ಹಿಂದೆ, ತಿರುವಿನಲ್ಲಿ ಕೀರ್ ಎನ್ನುವ ಟಯರು. ಇಷ್ಟಿದ್ದರೆ ಆಕೆಗೆ ಕತೆ ಏನಿದ್ದರೂ ನಡೆಯುತ್ತಿತ್ತು. ಗಂಡ ಪದ್ಮಾಕರನಿಗೆ ಬೆಳಗಾವಿ ಪೇಟೆಯಲ್ಲಿ ಬಟ್ಟೆಯಂಗಡಿ, ಸದಾಶಿವನಗರದಲ್ಲಿ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆಯಾದ್ದರಿಂದ ಅವರದು ಯಾವಾಗಲೂ ಮ್ಯಾಟಿನಿ ಆಟ.

"ಅಷ್ಟ ಜೋರ ತಿರುಗಿದ್ರ ಗಾಡಿ ಪಲ್ಟಿ ಆಗಬೇಕಲ್ಲರಿ?" ಎಂದು ಆಕೆ ಮನೆಗೆ ಬರುವ ದಾರಿಯಲ್ಲೇ ಕೇಳುವಳು.

"ಅದೆಲ್ಲಾ ಸುಳ್ಳ ಇರತೈತಿ."

"ಗಾಡಿ ಖರೇ ಐತಿ, ರಸ್ತೆ ಖರೇ ಐತಿ. ಮತ್ತ ಸುಳ್ಳು ಎಲ್ಲಿ ಕುಂತೈತಿ?"

ಪದ್ಮಾಕರನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸಿಲ್ಲದೆ ಸುಮ್ಮನೆ ಹಾರ್ನ್ ಒತ್ತುತ್ತಿದ್ದ.

೧೯೭೯ರ ದೀಪಾವಳಿ ಮುಗಿದ ಮೇಲೆ ಜಾಂಬೋಟಿಯ ಕಡೆ ಸಿನಿಮಾದವರು ಬಂದರು. ನಾಯಕಿ ಕೆನೆಬಣ್ಣದ ಅಂಬಾಸಿಡರ್ ಓಡಿಸಿಕೊಂಡು ಕಳ್ಳರಿಂದ ತಪ್ಪಿಸಿಕೊಳ್ಳುವ ದೃಶ್ಯ. ಮೊದಲ ದಿನವೇ ಅವರ ಕಾರಿನ ರೇಡಿಯೇಟರ್ ಒಡೆಯಿತು. ಅದೇ ಬಣ್ಣದ ಇನ್ನೊಂದು ಕಾರು ಹುಡುಕುತ್ತಾ ಅವರ ಮನುಷ್ಯನೊಬ್ಬ ಖಾನಾಪುರ ದಾಟಿ ಬೆಳಗಾವಿಗೆ ಬಂದು, ಪದ್ಮಾಕರನ ಅಂಗಡಿಯ ಮುಂದೆ ನಿಂತ ಅಂಬಾಸಿಡರ್ ಕಂಡು ಒಳಗೆ ಬಂದ. ಪದ್ಮಾಕರ ಆಗುವುದಿಲ್ಲ ಎಂದೇಬಿಡುತ್ತಿದ್ದ. ಆದರೆ ಹೊಸ ಸೀರೆಗಳಿಗೆ ಬೆಲೆಚೀಟಿ ಅಂಟಿಸುತ್ತ ಅಲ್ಲೇ ಕೂತಿದ್ದ ಅಕ್ಕಾತಾಯಿ ಎದ್ದು ನಿಂತಳು.

"ಕೊಡೂಣ್ರಿ. ಗಾಡಿ ಜೋಡಿ ನಾವೂ ಹೋಗೂಣು."

ಮರುದಿನ ಇಬ್ಬರೂ ಹೋದರು. ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ತಿರುವಿನ ಬಳಿ ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿಟ್ಟು, ಅದರ ಮೂಗಿನ ಮುಂದೆಯೇ ಎಲೆ ತುಂಬಿದ ಎರಡು ಕೊಂಬೆ ನೆಟ್ಟಿದ್ದರು. ಅಡ್ಡ ಬರುವ ಎಲೆ ಯಾಕೆ ಎಂದು ಅಕ್ಕಾತಾಯಿ ಯೋಚಿಸುತ್ತಿದ್ದಾಗಲೇ ಜೀಪೊಂದು ಆ ತಿರುವಿನಲ್ಲಿ ಹಾದುಹೋಯಿತು. ಹೋಯಿತು ಅಂದರೆ ಹೇಗೆ? ಸಂತೆಗೆ ಹೊರಟ ಚಕ್ಕಡಿಗಿಂತ ತುಸು ಜೋರು, ಅಷ್ಟೇ.

"ಇದೇನ್ರಿ, ಇಷ್ಟ ಸಾವಕಾಶ?" ಎಂದು ಆಕೆ ಕಾರುಗಳ ಸಾಹಸ ನೋಡಿಕೊಳ್ಳುವ ಬಂಡೆಪ್ಪನನ್ನು ಕೇಳಿದಳು. ಅವನು ವಿಜಾಪುರದ ಕಡೆಯವನು, ಮಾತಿಗೆ ಸಿಗುವ ಮನುಷ್ಯ.

"ಕ್ಯಾಮೆರಾನೂ ಸಾವಕಾಶ ತಿರುಗತೈತ್ರಿ ಅಕ್ಕಾರ. ಸೆಕೆಂಡಿಗೆ ಇಪ್ಪತ್ನಾಕು ಚಿತ್ರ ತಗಿಯೂ ಕಡೆ ಹನ್ನೆರಡ ತಗೀತೈತಿ. ಥೇಟರಿನ ಮಷೀನಿಗೆ ಅದೇನ ಗೊತ್ತು? ಅದು ತನ್ನ ಲೆಕ್ಕದಾಗ ಸೆಕೆಂಡಿಗೆ ಇಪ್ಪತ್ನಾಕೂ ನುಂಗತೈತಿ. ಎರಡು ಹೊತ್ತಿನ ಊಟ ಒಂದ ಹೊತ್ತಿಗೆ ಉಂಡಂಗ."

ಅಕ್ಕಾತಾಯಿ ಬೆರಳು ಮಡಚಿ ಬಿಡಿಸಿ ನೋಡಿದಳು. "ಹಂಗಾದ್ರ ಆ ಬಾಜು ನಡ್ಕೋಂತ ಹೋಗೂ ಮನಷ್ಯಾನೂ ಓಡಿದಂಗ ಕಾಣತಾನಲ್ಲ!"

"ಅದಕ್ಕ ಎಲ್ಲಾರ್ನೂ ದೂರ ಕಳಸೂದು. ಒಂದ ಎಮ್ಮಿ ಅಡ್ಡ ಬಂದ್ರೂ ಸೀನು ಹಾಳು."

ಎಲೆಯ ವಿಷಯವೂ ಈಗ ತಾನಾಗಿಯೇ ಹೊಳೆಯಿತು. ಗಾಡಿಯ ಜೊತೆ ಕ್ಯಾಮೆರಾ ಮೂತಿ ತಿರುಗಿಸುವಾಗ ಹತ್ತಿರದ್ದು ಸರ್ರನೆ ಸರಿದಂತೆ ಕಂಡರೆ ಗಾಡಿಯ ಓಟ ಹೆಚ್ಚಿದಂತೆ ಕಾಣುತ್ತದೆ. ರೈಲಿನ ಕಿಟಕಿಯಲ್ಲಿ ತಂತಿಕಂಬ ಓಡುವುದಿಲ್ಲವೇ?

ನಾಯಕಿಗೆ ಕಾರು ಬರುತ್ತಿರಲಿಲ್ಲ. ಅವಳ ಬದಲು ಸೀರೆಯುಟ್ಟು, ಸವರಿ ಕೂದಲು ಕಟ್ಟಿಕೊಂಡ ಗಂಡಸೊಬ್ಬ ಅಂಬಾಸಿಡರ್ ಹತ್ತಿದ. ಒಂದೇ ಸುತ್ತಿನಲ್ಲಿ ಎರಡು ಸಲ ಗೇರು ಕರಕರನೆ ಅರಚಿತು. ಪದ್ಮಾಕರ ಹಲ್ಲು ಕಚ್ಚಿ ಓಡಿಹೋಗಿ ಬಾಗಿಲು ಹಿಡಿದುಕೊಂಡ.

"ಸಾಕು ಇಳೀರಿ! ಇವ್ರ ಕೈಯಾಗ ನಾ ಗಾಡಿ ಕೊಡಂಗಿಲ್ಲ."

ನಿರ್ದೇಶಕರು ತಲೆಯ ಮೇಲೆ ಕೈಯಿಟ್ಟರು. ನೀವೇ ಓಡಿಸಿ ಎಂದರೆ ಪದ್ಮಾಕರನ ಮೀಸೆ, ಹೊಟ್ಟೆ ಎರಡೂ ಅಡ್ಡಿ.

"ನಾ ಹೊಡೀತೀನಿ" ಎಂದಳು ಅಕ್ಕಾತಾಯಿ.

ಅವಳ ತವರು ಪಾರಿಶ್ವಾಡ. ಅಲ್ಲಿ ಅಪ್ಪನ ಜೀಪನ್ನು ಹೊಲದ ದಾರಿಯಲ್ಲಿ ಬೇಕಾದಷ್ಟು ಓಡಿಸಿದ್ದಳು. ಮದುವೆಯಾಗಿ ಬಂದ ಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪದ್ಮಾಕರ ಹೆಂಡತಿಯನ್ನು ಹೊಸಬರನ್ನು ನೋಡುವ ಹಾಗೆ ನೋಡಿದ. ಬಂಡೆಪ್ಪ ಪಕ್ಕದಲ್ಲಿ ಕೂತು, ಖಾಲಿ ರಸ್ತೆಯಲ್ಲಿ ಅವಳಿಂದ ಗಾಡಿ ಹಿಂದೆ ಮುಂದೆ ಓಡಿಸಿ ನೋಡಿ, ಆಗಬಹುದು ಎಂದು ಇಳಿದ.

ನಾಯಕಿಯ ಹಸಿರು ಸೆರಗು ಹೊದ್ದು ಆಕೆ ತಿರುವು ದಾಟಿದಳು. ಹಿಂದೆ ಜೀಪು ಬರುತ್ತಿತ್ತು. ಎಡಕ್ಕೆ ಕಣಿವೆ. ಮೆಲ್ಲಗೆ ಹೋಗುವುದೇ ಕಷ್ಟ. ಕಾಲು ತಾನಾಗಿ ಒತ್ತಲು ನೋಡುತ್ತಿತ್ತು. ಮೂರನೆಯ ಸಲಕ್ಕೆ ನಿರ್ದೇಶಕರು ಕೈಯೆತ್ತಿ "ಸರಿ ಅಮ್ಮಾ!" ಎಂದು ಕೂಗಿದರು.

ಆ ಚಿತ್ರ ಬೆಳಗಾವಿಗೆ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟೂ ದಿನ ಗಂಡ ಹೆಂಡತಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಸೋನಾಬಾಯಿಯನ್ನೂ ಕರೆದುಕೊಂಡೇ ಹೋದರು. ತಿರುವು ಬಂತು. ಎಲೆಗಳು ರಪ್ಪನೆ ಕಣ್ಣಿಗೆ ಹೊಡೆದವು. ಅಂಬಾಸಿಡರ್ ಧೂಳೆಬ್ಬಿಸಿ, ಹಿಂಬದಿಯ ಚಕ್ರ ಕಣಿವೆಗೆ ಜಾರಿತೇನೋ ಎಂಬಂತೆ ಹಾರಿಹೋಯಿತು. ಮುಂದಿನ ಸಾಲಿನವರು ಸೀಟಿ ಹೊಡೆದರು. ಎಲ್ಲ ಗೊತ್ತಿದ್ದ ಅಕ್ಕಾತಾಯಿಯೂ ಕುರ್ಚಿಯ ತುದಿಗೆ ಸರಿದು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿದಳು. ಗೊತ್ತಿದ್ದೂ ಹೆದರಿಕೆ ಬರುವುದು ಹೇಗೆ? ಇದೊಂದನ್ನು ಬಂಡೆಪ್ಪನಿಗೆ ಕೇಳಬೇಕಿತ್ತು.

ಸೋನಾಬಾಯಿ ಸೊಸೆಯ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. "ಯವ್ವಾ, ಯಾರ ಮಗಳವಾ ಅಕಿ? ಜೀವದ ಹಂಗಿಲ್ಲೇನ ಅಕಿಗೆ?"

"ಪಾರಿಶ್ವಾಡದಾಕಿ ರಿ, ಅತ್ಯಾರ" ಎಂದಳು ಅಕ್ಕಾತಾಯಿ.

ಸೋನಾಬಾಯಿ ಪರದೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು, ಆಚೆ ಬದಿಗೆ ನಗು ತಡೆದು ಕೂತಿದ್ದ ಮಗನನ್ನು ನೋಡಿದಳು. ಆಟ ಮುಗಿಯಿತು. ಹೊರಗೆ ಬಂದು ಕಾರಿನ ಹತ್ತಿರ ನಿಂತಾಗ ಮಗನಿಗೆ ಸೊಸೆಯ ಕಡೆ ಕೈ ತೋರಿಸಿದಳು.

"ಚಾವಿ ಅಕೀ ಕೈಯಾಗ ಕೊಡೋ ಪದ್ಮಾಕರ. ನೀ ಹಿಂದ ಕುಂದರು."

ತಾನು ಮುಂದೆ, ಸೊಸೆಯ ಪಕ್ಕದಲ್ಲಿ ಹತ್ತಿ ಕೂತಳು. ಪೇಟೆಯ ಗದ್ದಲ ದಾಟುವವರೆಗೆ ಎರಡೂ ಕೈಯಿಂದ ಸೀಟು ಹಿಡಿದಿದ್ದಳು. ರಸ್ತೆ ಬಿಡುವಾದಾಗ ಕೈ ಸಡಿಲಿಸಿ, ಸೊಸೆಯ ಕಾಲ ಬಳಿಯ ಪೆಡಲುಗಳನ್ನು ಬಗ್ಗಿ ನೋಡುತ್ತಾ ಕೇಳಿದಳು: "ಅಲ್ಲವಾ, ಮೂರು ಅದಾವಲ್ಲ ಕೆಳಗ, ಯಾವ್ದು ಯಾತಕ್ಕ?"