ಹತ್ತರಲ್ಲಿ ಎಷ್ಟು ಮಂದಿ

ಸಾತಾರೆಯ ಆ ಓಣಿಗೆ ನಾನು ಹೋದದ್ದು ಜನರ ಅಭಿಪ್ರಾಯ ಕೇಳುವ ಕೆಲಸಕ್ಕೆ. ಪುಣೆಯ ಕಚೇರಿಯವರು ಫೋನಿನಲ್ಲಿ ಪ್ರಶ್ನೆ ತುಂಬಿ ಕೊಡುತ್ತಾರೆ, ನಾನು ಮನೆಮನೆ ಹತ್ತಿಳಿದು ಉತ್ತರ ಒತ್ತುತ್ತೇನೆ. ಉತ್ತರಿಸುವವರ ಪಕ್ಕ ಮತ್ತೊಬ್ಬರು ಇರಕೂಡದು, ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಕೂಡದು ಎಂದು ನಿಯಮ. ಈ ನಿಯಮ ಮಾಡಿದವರು ನಮ್ಮ ಓಣಿಗಳನ್ನು ಕಂಡಿರಲಾರರು. ಇಲ್ಲಿ ಗಂಡನನ್ನು ಕೇಳಿದರೆ ಅಡುಗೆಮನೆಯಿಂದ ಹೆಂಡತಿ ಉತ್ತರ ಕೊಡುತ್ತಾಳೆ.

ಆ ಸಲದ ವಿಷಯ ಮದುವೆ. ಜಾತಿ ಬಿಟ್ಟು ಆಗಬಹುದೇ, ವಯಸ್ಸಾದ ಮೇಲೆ ಒಂಟಿಯಾದವರು ಮತ್ತೆ ಆಗಬಹುದೇ, ಹೀಗೆ. ಪ್ರತಿ ಪ್ರಶ್ನೆಗೂ ಒಂದು ಬಾಲ: ನಿಮ್ಮ ಓಣಿಯ ಹತ್ತು ಜನರಲ್ಲಿ ಎಷ್ಟು ಮಂದಿ ಒಪ್ಪುತ್ತಾರೆ?

ಮೊದಲ ಮನೆಯ ನಲವಡೆ ವೈನಿ ಅಕ್ಕಿ ಆರಿಸುತ್ತಲೇ ಹೇಳಿದರು. "ವಯಸ್ಸಾದವರು ಮಾಡ್ಕೊಳ್ಳಲಿ ಬಿಡು. ಗುಳಿಗಿ ತಗೊಂಡಿ ಏನು ಅಂತ ಕೇಳಾಕರ ಒಬ್ಬರು ಬೇಕಲ್ಲ."

"ಓಣಿಯವರು ಒಪ್ತಾರೇನ್ರಿ?"

"ಅಯ್ಯ, ಯಾರೂ ಒಪ್ಪಂಗಿಲ್ಲ. ಭಾಳ ಹಳೇ ಮಂದಿ."

ಮುಂದಿನ ಮನೆಯಲ್ಲೂ ಇದೇ, ಪೇಢೆ ಅಂಗಡಿಯವನದೂ ಇದೇ. ಪ್ರತಿಯೊಬ್ಬರೂ ತಾವೊಬ್ಬರೇ ದೊಡ್ಡ ಮನಸ್ಸಿನವರು ಎಂದುಕೊಂಡಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಕೊನೆಯ ಮನೆ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಕುಸುಮಕಾಕುವಿನದು. ಗಂಡ ತೀರಿ ಬಹಳ ವರ್ಷವಾಗಿದೆ, ಒಬ್ಬರೇ ಇರುತ್ತಾರೆ. ಹೊರಗಿನ ಕಟ್ಟೆಯ ಮೇಲೆ ಚವ್ಹಾಣ ಮಾಸ್ತರು ಪೇಪರ್ ಓದುತ್ತಿದ್ದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಅವರೂ ಒಂಟಿ. ಕಾಕು ಕಿಟಕಿಯ ಸರಳಿನ ನಡುವೆ ಚಹಾದ ಲೋಟ ದಾಟಿಸಿದರು, ಮಾಸ್ತರು ಕೈ ಚಾಚಿ ತೆಗೆದುಕೊಂಡರು. ಹೊಸ್ತಿಲು ಮಾತ್ರ ಅವರು ದಾಟಲಿಲ್ಲ. ನನ್ನ ನಿಯಮ ಕೇಳಿ ಪೇಪರ್ ಮಡಚಿಕೊಂಡು ಓಣಿಗೆಲ್ಲ ಒಂದೇ ಆದ ನೀರಿನ ನಳದ ಹತ್ತಿರ ಹೋಗಿ ನಿಂತರು.

ವಯಸ್ಸಾದವರ ಮದುವೆಯ ಪ್ರಶ್ನೆಯನ್ನು ನಾನು ಮುಗಿಸುವ ಮೊದಲೇ ಕಾಕು "ಆಗಬಹುದು" ಎಂದುಬಿಟ್ಟರು.

"ಓಣಿಯ ಹತ್ತು ಜನದಾಗ ಎಷ್ಟು ಮಂದಿ ಒಪ್ತಾರ?"

ಅವರು ಕಿಟಕಿಯಾಚೆ ನೋಡಿದರು. "ಸೊನ್ನೆ ಬರಿ."

ನಾನು ಸೊನ್ನೆ ಒತ್ತಿದೆ. ಅವರು ಸೆರಗಿನ ತುದಿ ಸುತ್ತುತ್ತ ಕೂತರು.

"ಪೋರಿ, ನಿನ್ನ ಮುಂದ ಹೇಳಿದರ ಏನಾಗ್ತದ. ದೀಪಾವಳಿಗೆ ಮಾಸ್ತರ ಕೇಳ್ಯಾರ. ಕರಾಡದಾಗಿನ ಮಗಳೂ ಹೂಂ ಅಂದಾಳ. ನಾನಽ ಒಲ್ಲೆ ಅಂದೆ. ನಾಳೆ ಇದೇ ಮಂದಿ ಜೋಡಿ ನಳಕ್ಕ ನಿಲ್ಲಬೇಕಲ್ಲ ನಾ. ಮುಖ ತಿರುವಿದರಂದ್ರ ಎಲ್ಲಿಗೆ ಹೋಗಲಿ?"

ಕಣ್ಣು ತುಂಬಿಕೊಂಡು ಅವರು ನಗಲು ನೋಡಿದರು. ಹೆಚ್ಚುಕಡಿಮೆ ಇಡೀ ಓಣಿಯ ಒಪ್ಪಿಗೆ ನನ್ನ ಫೋನಿನಲ್ಲೇ ಇತ್ತು, ಬಾಯಿ ಬಿಡುವಂತಿರಲಿಲ್ಲ. ಆ ನಿಯಮಕ್ಕೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

"ಕಾಕು, ಯಾರು ಏನಂದ್ರು ಅಂತ ನಾ ಹೇಳಂಗಿಲ್ಲ. ಆದರ ನೀವು ಕೇಳಬಾರದು ಅಂತ ಎಲ್ಲೂ ಬರದಿಲ್ಲ."

"ನಾನೇ ಹೋಗಿ ಕೇಳಲೇನು? ಹುಚ್ಚಿ."

"ನಿಮ್ಮದು ಅಂತ ಯಾಕ ಕೇಳ್ತೀರಿ? ಸರ್ವೆ ಹುಡುಗಿ ಎಂಥಾದೋ ಪ್ರಶ್ನಿ ಕೇಳಿದಳು, ನೀವೇನಂದ್ರಿ, ಅನ್ರಿ. ತಪ್ಪೆಲ್ಲಾ ನನ್ನ ಮ್ಯಾಲ ಹಾಕ್ರಿ."

ಕಾಕು ನನ್ನನ್ನು ದುರುಗುಟ್ಟಿ ನೋಡಿದರು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ತುಂಬಿದ ಕೊಡವನ್ನು ಹಿತ್ತಿಲಲ್ಲಿ ಸುರಿದು, ಖಾಲಿ ಮಾಡಿಕೊಂಡು ನಳದ ಕಡೆ ಹೊರಟಿದ್ದರು. ಅಲ್ಲಿ ನಲವಡೆ ವೈನಿ ಪಾತ್ರೆ ತೊಳೆಯುತ್ತಿದ್ದರು. ನಾನು ಬಸ್ಸು ಹಿಡಿದೆ.

ತಿಂಗಳೆರಡಾದ ಮೇಲೆ ಕಚೇರಿಯ ಮಾನೆಯವರ ಫೋನ್ ಬಂತು. ನಾವು ನಿಜವಾಗಿಯೂ ಮನೆಗಳಿಗೆ ಹೋಗಿದ್ದೆವೋ ಇಲ್ಲವೋ ಎಂದು ಮತ್ತೆ ಹೋಗಿ ಪರೀಕ್ಷಿಸುವುದು ಅವರ ಕೆಲಸ.

"ಅನಘಾತಾಯಿ, ಮನ್ಯಾಗ ಕುಂತು ತುಂಬೀರೇನು? ವಿಧವೆ, ಒಬ್ಬಾಕಿನಽ ಇರ್ತಾಳ ಅಂತ ಬರದೀರಿ. ಇಲ್ಲಿ ನೋಡಿದರ ಗಂಡ ಕುಂತು ಚಹಾ ಕುಡಿಯಾಕತ್ಯಾನ."

"ಎಲ್ಲಿ ಕುಂತಾರ್ರಿ? ಕಟ್ಟಿ ಮ್ಯಾಲೇನು?"

"ಒಳಗ, ಜೋಕಾಲಿ ಮ್ಯಾಲ. ತನ್ನ ಮನ್ಯಾಗ ಯಾರರ ಹೊರಗ ಕುಂತು ಕುಡೀತಾರೇನು?" ಅವರ ಸಿಟ್ಟು ಏರಿತು. "ಮತ್ತ ನೀವು ಸೊನ್ನೆ ಅಂತ ಬರದೀರಿ, ಇವರು ಹತ್ತರಾಗ ಒಂಬತ್ತು ಅಂತಾರ."

ಹಿಂದಿನಿಂದ ಕಾಕುವಿನ ದನಿ ಕೇಳಿಸಿತು. "ಹತ್ತನೇದು ಮೂಲಿಮನಿ ಬರ್ವೆ ಅಜ್ಜ ಅಂತ ಹೇಳ್ರಿ ಆಕಿಗೆ. ಅವರು ಈ ನಳ ಹಾಕಿಸಾಕೂ ಒಪ್ಪಿರಲಿಲ್ಲ."

ನನ್ನ ಆ ಉತ್ತರಗಳನ್ನು ಕಚೇರಿಯವರು ಆಮೇಲೆ ಸುಳ್ಳೆಂದು ತೆಗೆದುಹಾಕಿದರು. ಅವತ್ತು ಫೋನಿನಲ್ಲಿ ಮಾನೆಯವರು ಇನ್ನೂ ಬೈಯುತ್ತಲೇ ಇದ್ದರು. ಇಷ್ಟು ಖುಷಿಯಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.