ಹೊಸ ಹೆಣ್ಣು ತಂದ ನೀರು

ನಮ್ಮ ಹಟ್ಟಿಗೆ ಸೊಸೆಯಾಗಿ ಬರುವವಳು ಮೊದಲ ದಿನವೇ ಹಳ್ಳಕ್ಕೆ ಹೋಗಿ ಹೊಸ ಕೊಡದಲ್ಲಿ ನೀರು ತರಬೇಕು. ಆ ನೀರನ್ನು ಅತ್ತೆ ಕುಡಿದರೆ ಅವಳು ಆ ಮನೆಯವಳು. ಮನೆಮನೆಗೆ ನಲ್ಲಿ ಬಂದು ಎಷ್ಟೋ ಕಾಲವಾದರೂ ಊಟಿ ಬಳಿಯ ಕೂಕಲ್ತೊರೈ ಕಡೆ ಈ ಶಾಸ್ತ್ರ ಮಾತ್ರ ಬಿಟ್ಟಿಲ್ಲ.

ನನ್ನ ಮೈದುನ ಸುರೇಂದ್ರನ್ ಕೈಹಿಡಿಯುವ ಹುಡುಗಿ ಜೀಪಿನಿಂದ ಇಳಿದಾಗ ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನಿಶ್ಚಯಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಗಂಡ ಸತ್ತವಳು ತೋಟದಲ್ಲಿ ಚಹಾ ಎಲೆ ಕೀಳುತ್ತಿದ್ದರೆ ಸಾಕು ಎಲ್ಲರಿಗೂ. ಹಾಗಾಗಿ ಅವಳ ಮುಖ ಕಂಡದ್ದು ಆಗಲೇ. ಕಂಡದ್ದೇ ಬಾಗಿಲ ಹಿಂದೆ ಸರಿದೆ. ಊಟಿಯ ಆಸ್ಪತ್ರೆಯಲ್ಲಿ ಎಚ್‌ಐವಿ ಮಾತ್ರೆ ಕೊಡುವ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದ ಹುಡುಗಿ ಅವಳು, ಸಿಂಧುಜಾ. ನಾನು ಶಾಲು ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದರೆ ಅವಳು ನಗುನಗುತ್ತಾ, ನಮ್ಮಂಥ ಹುಡುಗ ಹುಡುಗಿಯರೆಲ್ಲ ಶನಿವಾರ ಸೇರಿ ಮನಸ್ಸು ಬಿಚ್ಚಿ ಮಾತಾಡ್ತೀವಿ, ನೀವೂ ಬನ್ನಿ ಎಂದು ಕರೆಯುತ್ತಿದ್ದಳು. ನಾನು ಒಮ್ಮೆಯೂ ಹೋಗಲಿಲ್ಲ. ಮಾತು ಹೊರಗೆ ಬಿದ್ದರೆ ಯಾರು ಹೊಣೆ?

ನನಗೆ ಇದು ಬಂದದ್ದು ಗಂಡ ಸುಧಾಕರನ್‌ನಿಂದ. ಅವನು ಸತ್ತದ್ದು ಅರಿಶಿನ ಕಾಮಾಲೆಯಿಂದ ಎಂದು ನಾನು ಮಾಮಿ ಎಂದು ಕರೆಯುವ ಅತ್ತೆ ವಸಂತಾಮಣಿ ಇವತ್ತಿಗೂ ನಂಬಿದ್ದಾಳೆ. ನನ್ನ ಮಾತ್ರೆ ರಕ್ತ ಕಡಿಮೆಯಿರುವುದಕ್ಕೆ ಎಂದೂ ನಂಬಿದ್ದಾಳೆ. ಈಗ ಈ ಹುಡುಗಿ ಸಲಿಗೆಯಿಂದ ಒಂದು ಮಾತು ಆಡಿದರೆ ನನ್ನ ಕಥೆ ಮುಗಿದ ಹಾಗೆ. ಅವಳಿಗಿಂತ ಮೊದಲು ನಾನೇ ಅವಳ ವಿಷಯ ಅತ್ತೆಯ ಕಿವಿಗೆ ಹಾಕಿಬಿಡಲೇ ಎಂದೂ ಯೋಚಿಸಿದೆ. ಹೌದು, ಯೋಚಿಸಿದೆ. ಹೆದರಿದವರಿಗೆ ಮರ್ಯಾದೆ ಎಲ್ಲಿಂದ ಬರಬೇಕು?

"ಕಲೈಸೆಲ್ವಿ, ಹೆಣ್ಣಿನ ಜೊತೆ ಹಳ್ಳಕ್ಕೆ ನೀ ಹೋಗು. ಕಾಟಿ ಇಳಿದಿದೆಯಂತೆ, ನೋಡ್ಕೊಂಡು ಹೋಗಿ," ಎಂದಳು ಅತ್ತೆ.

ಮಂಜು ಚಹಾ ಗಿಡಗಳ ಮೇಲೆ ಕೂತಿತ್ತು. ಕೆಳಗೆ ಎಲ್ಲೋ ಕಾಡೆಮ್ಮೆ ಉಸಿರುಬಿಟ್ಟ ಸದ್ದು ಕೇಳಿತು, ಕಾಣಲಿಲ್ಲ. ಸಿಂಧುಜಾ ಬಗ್ಗಿ ಕೊಡ ತುಂಬಿಸುತ್ತಿದ್ದಳು.

"ಅಕ್ಕ, ನೀ ಎನ್ನ ಗುರುತು ಹಿಡಿದೆ ಅಲ್ವಾ?" ಎಂದಳು.

"ಇಲ್ಲ," ಎಂದೆ.

"ಸರಿ. ನಾನೂ ನಿನ್ನ ಗುರುತು ಹಿಡಿದಿಲ್ಲ." ಸೆರಗು ಸರಿಮಾಡಿಕೊಂಡಳು. "ಎನಗೆ ಇದು ಹುಟ್ಟಿನಿಂದ ಬಂದದ್ದು. ಸುರೇಂದ್ರನ್‌ಗೆ ಎಲ್ಲ ಹೇಳಿಯೇ ಒಪ್ಪಿದ್ದು. ಡಾಕ್ಟರೂ ಅವರಿಗೆ ಹೇಳಿದ್ದಾರೆ, ಮಾತ್ರೆ ತಪ್ಪದಿದ್ದರೆ ಅವರಿಗೆ ಬರಲ್ಲ ಅಂತ. ಮಾಮಿಗೆ ಮೆಲ್ಲಗೆ ಹೇಳೋಣ ಅಂತಿದ್ದೀವಿ. ನಿನ್ನ ವಿಷಯ ಎನ್ನ ಬಾಯಿಂದ ಬರಲ್ಲ, ಅಕ್ಕ."

ನನಗೆ ಅವಳ ಮೇಲೆ ಸಿಟ್ಟೇ ಬಂತು. ನನ್ನ ಗುಟ್ಟು ಕಾಯುತ್ತೇನೆಂದು ಹೇಳಲು ಇವಳಾರು? ಕೊಡ ಎತ್ತಿ ಅವಳ ತಲೆಗೆ ಏರಿಸಿದೆ. ಅವಳಿಗಿಂತ ಮುಂದೆ ನಡೆದೆ.

ಮನೆ ಹತ್ತಿರವಾದಾಗ ಏನೋ ಸರಿಯಿಲ್ಲ ಅನ್ನಿಸಿತು. ಅಂಗಳದಲ್ಲಿ ಮದುವೆ ಹಾಡು ಹಾಡುತ್ತಿದ್ದ ಹೆಂಗಸರು ಸುಮ್ಮನಾಗಿದ್ದರು. ಮಕ್ಕಳನ್ನು ಮಗ್ಗುಲಿಗೆ ಎಳೆದುಕೊಂಡಿದ್ದರು. ಅತ್ತೆಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ ಅವಳ ತಂಗಿ ವಳ್ಳಿ ನಮ್ಮನ್ನು ಕಂಡು ದೂರ ಸರಿದಳು. ವಳ್ಳಿಯ ಮನೆ ಊಟಿಯಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ. ಯಾರ ಗುಟ್ಟು ಹೊರಬಿದ್ದಿದೆ, ನನ್ನದೋ ಸಿಂಧುಜಾಳದೋ?

"ಕೊಡ ಅಲ್ಲೇ ಅಂಗಳದಲ್ಲಿ ಇಳಿಸು," ಎಂದಳು ಅತ್ತೆ ಸಿಂಧುಜಾಗೆ. "ಒಳಗೆ ತರಬೇಡ. ಆ ರೋಗದ ಕೈ ಮುಟ್ಟಿದ ನೀರು ನಮ್ಮ ಮನೆಗೆ ಬೇಡ."

ಅವಳದು. ನನ್ನದಲ್ಲ. ಒಂದು ಉಸಿರಿನಷ್ಟು ಹೊತ್ತು ನನಗೆ ಖುಷಿಯಾಯಿತು.

ಸುರೇಂದ್ರನ್ "ಅವ್ವೆ" ಎಂದು ಮುಂದೆ ಬಂದವನನ್ನು ಅತ್ತೆ ಕೈಯೆತ್ತಿ ತಡೆದಳು. ಸಿಂಧುಜಾ ಕೊಡ ಇಳಿಸಲಿಲ್ಲ. ನೀರು ತುಳುಕಿ ಹೊಸ ಸೀರೆ ನೆನೆಯುತ್ತಿತ್ತು. ಒಂದೇ ಒಂದು ಮಾತು, ಈ ಅಕ್ಕನೂ ನನ್ನಂತೆಯೇ ಎಂದಿದ್ದರೆ ಸಾಕಿತ್ತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದನ್ನು ತಡೆಯಲಾಗಲಿಲ್ಲ.

"ಮಾಮಿ," ಎಂದೆ. "ಆ ರೋಗ ಎನಗೂ ಇದೆ. ಕೊಟ್ಟದ್ದು ನಿನ್ನ ದೊಡ್ಡ ಮಗ. ಇಷ್ಟು ವರ್ಷ ಎನ್ನ ಕೈಯ ನೀರನ್ನೇ ಕುಡಿದೆಯಲ್ಲ, ನಿನಗೆ ಏನಾಯ್ತು?"

ಅಂಗಳದಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನು ಎತ್ತಿಕೊಂಡು ಎದ್ದರು. ವಳ್ಳಿಯೂ ಎದ್ದಳು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಸಿಂಧುಜಾಳನ್ನೂ ಅಲ್ಲ, ಇಷ್ಟು ವರ್ಷ ನನ್ನ ಕೈಯ ನೀರು ಕುಡಿದ ವಸಂತಾಮಣಿಯನ್ನು.

ಅತ್ತೆ ತಂಗಿಯ ಕಡೆ ಕೈ ಚಾಚಿದಳು. ವಳ್ಳಿ ಎರಡು ಹೆಜ್ಜೆ ಹಿಂದೆ ಸರಿದಳು.